ಎಪ್ಪತ್ತೈದು ಸೆಂಟಿನ ವ್ಯತ್ಯಾಸ: ಸರ್ಕಾರಿ ಗಣಕಗಳಿಗೆ ಬಿದ್ದ ಕನ್ನಗಳ ಇತಿಹಾಸ

ಸರ್ಕಾರಿ ಇಲಾಖೆಯೊಂದರ ಗಣಕಗಳಿಗೆ ಕನ್ನ ಬಿತ್ತು ಎಂಬ ಸುದ್ದಿ ಓದಿದಾಗ ನಿಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಯಾವುದು? ಕತ್ತಲ ಕೋಣೆಯಲ್ಲಿ ಕುಳಿತ ಅಸಾಧಾರಣ ಬುದ್ಧಿವಂತನೊಬ್ಬ ಯಾರಿಗೂ ಅರ್ಥವಾಗದ ಗಣಿತ ಬಳಸಿ ಭದ್ರಕೋಟೆಯೊಂದನ್ನು ಒಡೆಯುತ್ತಿರುವ ಚಿತ್ರ ಇರಬಹುದು. ಚಲನಚಿತ್ರಗಳು ನಮಗೆ ಹಾಗೆ ಕಲಿಸಿವೆ. ಆದರೆ ಈ ವಿಷಯದ ಇತಿಹಾಸವನ್ನು ಓದುತ್ತಾ ಹೋದರೆ ಕಾಣುವುದೇ ಬೇರೆ. ಯಾರೂ ಬದಲಾಯಿಸದೆ ಬಿಟ್ಟ ಗುಪ್ತಪದ, ಗೊತ್ತಿದ್ದೂ ಸರಿಪಡಿಸದ ದೋಷ, ನೌಕರನೊಬ್ಬ ಹಿಂದುಮುಂದು ನೋಡದೆ ತೆರೆದ ಪತ್ರ, 'ಇದು ನಮ್ಮ ಶಾಖೆಗೆ ಸೇರಿದ್ದಲ್ಲ' ಎಂದು ಮುಂದಕ್ಕೆ ತಳ್ಳಿದ ದೂರು ಮತ್ತೆ ಮತ್ತೆ ಎದುರಾಗುತ್ತವೆ. ಕಳ್ಳತನವನ್ನು ಪತ್ತೆ ಮಾಡಿದವರೂ ಮಾಂತ್ರಿಕರಲ್ಲ. ಚಿಕ್ಕದೊಂದು ವ್ಯತ್ಯಾಸವನ್ನು ನಿರ್ಲಕ್ಷಿಸದೆ ಹಿಂಬಾಲಿಸಿದವರು, ಅಷ್ಟೆ.

ಈ ಬಗೆಯ ಪ್ರಕರಣಗಳಲ್ಲಿ ಆರಂಭದಲ್ಲೇ ವಿವರವಾಗಿ ದಾಖಲಾದ ಒಂದನ್ನು ಬಯಲಿಗೆ ತಂದವರು ಒಬ್ಬ ಖಗೋಳ ವಿಜ್ಞಾನಿ. ಪ್ರಯೋಗಾಲಯದಲ್ಲಿ ವಾಚನಗಳ ವ್ಯತ್ಯಾಸದೊಡನೆ ದಿನವೂ ಗುದ್ದಾಡುವ ನಮ್ಮಂಥ ಭೌತವಿಜ್ಞಾನದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅದರಲ್ಲಿ ವಿಶೇಷ ಆಸಕ್ತಿ ಇರಬೇಕು. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಬರ್ಕ್‌ಲಿಯ ಲೆಕ್ಕಪತ್ರ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಹೆಸರು ನಿಮಗೆ ಪರಿಚಿತ. ಸೈಕ್ಲೋಟ್ರಾನ್ ರೂಪಿಸಿದ ಅರ್ನೆಸ್ಟ್ ಲಾರೆನ್ಸ್ ಸ್ಥಾಪಿಸಿದ ಸಂಸ್ಥೆ ಅದು. ನಡೆಯುವುದು ಅಮೆರಿಕ ಸರ್ಕಾರದ ಇಂಧನ ಇಲಾಖೆಯ ಹಣದಿಂದ. ರಹಸ್ಯ ಸಂಶೋಧನೆ ಅಲ್ಲಿ ಇರಲಿಲ್ಲ. 1986ರಲ್ಲಿ ಅಲ್ಲಿ ಕೆಕ್ ದೂರದರ್ಶಕದ ವಿನ್ಯಾಸದಲ್ಲಿ ತೊಡಗಿದ್ದ ಕ್ಲಿಫರ್ಡ್ ಸ್ಟಾಲ್ ಎಂಬ 36 ವರ್ಷದ ಖಗೋಳ ವಿಜ್ಞಾನಿಗೆ ಸಂಶೋಧನಾ ಅನುದಾನ ಮುಗಿಯಿತು. ಕೆಲಸದಿಂದ ತೆಗೆಯುವ ಬದಲು ಪ್ರಯೋಗಾಲಯ ಅವರನ್ನು ನೆಲಮಾಳಿಗೆಯ ಗಣಕ ಕೇಂದ್ರಕ್ಕೆ ವರ್ಗ ಮಾಡಿತು.

ಹೊಸಬನಿಗೆ ಕೊಟ್ಟ ಮೊದಲ ಕೆಲಸ ಚಿಲ್ಲರೆಯದು, ಅಕ್ಷರಶಃ. ಆ ಕಾಲದಲ್ಲಿ ದೊಡ್ಡ ಗಣಕವೊಂದನ್ನು ನೂರಾರು ಮಂದಿ ಹಂಚಿಕೊಂಡು ಬಳಸುತ್ತಿದ್ದರು. ಯಾರು ಎಷ್ಟು ಹೊತ್ತು ಬಳಸಿದರು ಎಂದು ಲೆಕ್ಕವಿಟ್ಟು ಅವರವರ ಇಲಾಖೆಗೆ ಬಿಲ್ಲು ಕಳಿಸುವ ಪದ್ಧತಿ. ಬರ್ಕ್‌ಲಿಯಲ್ಲಿ ಈ ಲೆಕ್ಕಕ್ಕೆ ಎರಡು ತಂತ್ರಾಂಶಗಳಿದ್ದವು. ಒಂದು ಯುನಿಕ್ಸ್ ವ್ಯವಸ್ಥೆಯೊಡನೆ ಬಂದದ್ದು, ಇನ್ನೊಂದು ಅಲ್ಲಿಯ ವಿದ್ಯಾರ್ಥಿಗಳು ತಾವೇ ಬರೆದದ್ದು. ಆಗಸ್ಟ್ ತಿಂಗಳಲ್ಲಿ ಎರಡರ ಮೊತ್ತಗಳು ತಾಳೆಯಾಗಲಿಲ್ಲ. ವ್ಯತ್ಯಾಸ 75 ಸೆಂಟ್, ಅಂದರೆ ಕೆಲವು ಸೆಕೆಂಡುಗಳ ಗಣಕ ಸಮಯದ ಬೆಲೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಸಾವಿರಾರು ಡಾಲರುಗಳ ಬಿಲ್ಲಿನಲ್ಲಿ 75 ಸೆಂಟ್ ಎಂದರೆ ಯಾವ ಲೆಕ್ಕಪರಿಶೋಧಕನೂ ತಲೆ ಕೆಡಿಸಿಕೊಳ್ಳುವ ಮೊತ್ತವಲ್ಲ. ವ್ಯತ್ಯಾಸ ದೊಡ್ಡದಾಗಿದ್ದರೆ ಎಲ್ಲೋ ಸ್ಥೂಲ ದೋಷವಿದೆ, ಬೇಗ ಸಿಗುತ್ತದೆ. ಕೂಡುವಾಗ ಆದ ಅಂದಾಜಿನ ದೋಷವೆಂದರೆ ಒಂದು ಸೆಂಟಿಗಿಂತ ಕಡಿಮೆ ಇರಬೇಕು. ಇದು ಎರಡೂ ಅಲ್ಲ. ಸ್ಟಾಲ್ ಕಾರ್ಯಕ್ರಮಗಳನ್ನು ಸಾಲು ಸಾಲಾಗಿ ಓದಿದರು, ಕಾರ್ಯಕ್ರಮಗಳು ಸರಿಯಾಗಿದ್ದವು. ಕೊನೆಗೆ ಸಿಕ್ಕಿದ್ದು 'ಹಂಟರ್' ಎಂಬ ಬಳಕೆದಾರನ ಖಾತೆ. ಬಿಲ್ಲು ಕಳಿಸಲು ಅವನಿಗೆ ವಿಳಾಸವೇ ಇರಲಿಲ್ಲ. ಒಂದು ತಂತ್ರಾಂಶ ಅವನನ್ನು ಎಣಿಸಿತ್ತು, ಇನ್ನೊಂದು ಎಣಿಸಿರಲಿಲ್ಲ. ಒಂದೇ ರಾಶಿಯನ್ನು ಎರಡು ಸ್ವತಂತ್ರ ವಿಧಾನಗಳಿಂದ ಅಳೆಯಬೇಕು ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವಲ್ಲ, ಆ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಒಂದೇ ಲೆಕ್ಕವಿದ್ದಿದ್ದರೆ ವ್ಯತ್ಯಾಸವೂ ಇಲ್ಲ, ಮುಂದಿನ ಕಥೆಯೂ ಇಲ್ಲ.

ಕಾಗೆಯ ಗೂಡಿನಲ್ಲಿ ಕೋಗಿಲೆಯ ಮೊಟ್ಟೆ

ಆ ಖಾತೆಯನ್ನು ಅಳಿಸಿದರು. ಕೆಲವೇ ದಿನಗಳಲ್ಲಿ ಪೂರ್ವ ಕರಾವಳಿಯ ಒಂದು ಸರ್ಕಾರಿ ಗಣಕ ಕೇಂದ್ರದಿಂದ ದೂರು ಬಂತು: ನಿಮ್ಮಲ್ಲಿಂದ ಯಾರೋ ನಮ್ಮ ಯಂತ್ರದೊಳಗೆ ನುಗ್ಗಲು ನೋಡಿದ್ದಾರೆ. ಹುಡುಕಿದಾಗ ಬಳಕೆಯಾಗಿದ್ದದ್ದು ಇಂಗ್ಲೆಂಡಿಗೆ ಹೋಗಿ ನೆಲೆಸಿದ್ದ ಒಬ್ಬ ಗಣಕ ತಜ್ಞರ ಹಳೆಯ ಖಾತೆ. ನೌಕರ ಬಿಟ್ಟು ಹೋದರೂ ಅವನ ಖಾತೆ ಉಳಿದಿತ್ತು. ವರ್ಗವಾಗಿ ಹೋದ ಗುಮಾಸ್ತರ ಬೀಗದಕೈ ವಾಪಸು ಪಡೆಯುವ ನಮ್ಮ ಕಚೇರಿಗಳಲ್ಲಿ ಅವರ ಗಣಕ ಖಾತೆಯನ್ನು ಮುಚ್ಚುವ ರೂಢಿ ಎಷ್ಟರಮಟ್ಟಿಗಿದೆ ಎಂದು ನೀವೇ ಯೋಚಿಸಿ.

ಸ್ಟಾಲ್ ಒಂದು ಶುಕ್ರವಾರ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಪಕ್ಕದ ಕೋಣೆಗಳಿಂದ ಮುದ್ರಕಗಳನ್ನೂ ಟರ್ಮಿನಲ್‌ಗಳನ್ನೂ ಹೊತ್ತು ತಂದು, ಹೊರಗಿನಿಂದ ಬರುವ ಐವತ್ತು ದೂರವಾಣಿ ಮಾರ್ಗಗಳಿಗೆ ಒಂದೊಂದನ್ನು ಜೋಡಿಸಿ ಅಲ್ಲೇ ನೆಲದ ಮೇಲೆ ಮಲಗಿದರು. ವಾರ ಕಳೆಯುವ ಮುನ್ನ ಒಂದು ಮುದ್ರಕ ಮಾರುದ್ದ ಕಾಗದವನ್ನು ಹೊರಹಾಕಿತ್ತು. ಕಳ್ಳ ಒತ್ತಿದ ಪ್ರತಿಯೊಂದು ಕೀಲಿಯೂ ಅದರಲ್ಲಿ ದಾಖಲಾಗಿತ್ತು.

ಅವನು ಮಾಡಿದ್ದೇನು? ಆ ಗಣಕದಲ್ಲಿ ಇಮ್ಯಾಕ್ಸ್ ಎಂಬ ಜನಪ್ರಿಯ ತಂತ್ರಾಂಶವಿತ್ತು. ಅಂಚೆ ಕಡತಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಅದರಲ್ಲೊಂದು ಸಣ್ಣ ಕಾರ್ಯಕ್ರಮ. ಅದನ್ನು ಅಳವಡಿಸಿದ್ದ ರೀತಿಯಿಂದಾಗಿ ಅದಕ್ಕೆ ಗಣಕದ ಸರ್ವಾಧಿಕಾರಿಯ ಹಕ್ಕುಗಳು ಸಿಕ್ಕಿಬಿಟ್ಟಿದ್ದವು. ಯಾವ ಕಡತವನ್ನು ಎಲ್ಲಿಗೆ ಬೇಕಾದರೂ ಅದು ಸಾಗಿಸುತ್ತಿತ್ತು. ಗಣಕ ತಾನಾಗಿಯೇ ಐದು ನಿಮಿಷಕ್ಕೊಮ್ಮೆ ನಡೆಸುವ ಒಂದು ಕಾರ್ಯಕ್ರಮದ ಜಾಗದಲ್ಲಿ ಕಳ್ಳ ತನ್ನದೊಂದನ್ನು ಇಟ್ಟ. ಮುಂದಿನ ಐದು ನಿಮಿಷದಲ್ಲಿ ಗಣಕವೇ ಅದನ್ನು ನಡೆಸಿ, ಅವನಿಗೆ ಸರ್ವಾಧಿಕಾರ ಕೊಟ್ಟಿತು. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುತ್ತದೆ, ಕಾಗೆ ತನ್ನದೆಂದೇ ಕಾವು ಕೊಡುತ್ತದೆ. ಸ್ಟಾಲ್ 1989ರಲ್ಲಿ ಈ ಘಟನೆಯ ಬಗ್ಗೆ ಬರೆದ ಪುಸ್ತಕಕ್ಕೆ 'ಕೋಗಿಲೆಯ ಮೊಟ್ಟೆ' ಎಂಬರ್ಥದ ಹೆಸರನ್ನೇ ಇಟ್ಟರು.

ಬರ್ಕ್‌ಲಿಯಲ್ಲಿ ಕದಿಯುವಂಥ ರಹಸ್ಯ ಇರಲಿಲ್ಲ ಎಂದೆನಲ್ಲ. ಹಾಗಾದರೆ ಅವನಿಗೆ ಅಲ್ಲೇನು ಕೆಲಸ? ಅವನಿಗೆ ಅದೊಂದು ಮೆಟ್ಟಿಲು. ಅಲ್ಲಿಂದ ಸೇನೆಯ ಗಣಕ ಜಾಲಕ್ಕೆ ದಾರಿಯಿತ್ತು. ಮುದ್ರಕದ ಕಾಗದದಲ್ಲಿ ಅವನು ಒಂದೊಂದಾಗಿ ಸೇನಾ ನೆಲೆಗಳ ಬಾಗಿಲು ತಟ್ಟುವುದು ಕಾಣುತ್ತಿತ್ತು. ತಟ್ಟುವ ಕ್ರಮದಲ್ಲಿ ಯಾವ ಪ್ರತಿಭೆಯೂ ಇಲ್ಲ. ತಯಾರಕರು ಯಂತ್ರ ಕಳಿಸುವಾಗ ದುರಸ್ತಿಗಾರರ ಅನುಕೂಲಕ್ಕೆಂದು 'ಫೀಲ್ಡ್' ಎಂಬ ಖಾತೆಗೆ 'ಸರ್ವಿಸ್' ಎಂಬ ಗುಪ್ತಪದ, 'ಸಿಸ್ಟಂ' ಎಂಬುದಕ್ಕೆ 'ಮ್ಯಾನೇಜರ್' ಎಂಬ ಗುಪ್ತಪದ ಇಟ್ಟು ಕಳಿಸುತ್ತಿದ್ದರು. ಕೊಂಡವರು ಅದನ್ನು ಬದಲಾಯಿಸಬೇಕಿತ್ತು. 'ಗೆಸ್ಟ್' ಎಂಬ ಖಾತೆಗೆ 'ಗೆಸ್ಟ್' ಎಂಬುದೇ ಗುಪ್ತಪದವಾಗಿದ್ದ ಕಡೆಗಳೂ ಇದ್ದವು. ಅವನು ತಟ್ಟಿದ್ದು ಸುಮಾರು 450 ಗಣಕಗಳನ್ನು. ಒಳಹೊಕ್ಕಿದ್ದು 30ಕ್ಕೂ ಹೆಚ್ಚು. ಹದಿನೈದು ಮನೆಗಳಿರುವ ಬೀದಿಯಲ್ಲಿ ಒಂದು ಮನೆಗೆ ಅಗುಳಿಯೇ ಇಲ್ಲ ಎಂದ ಹಾಗೆ. ಅವು ಸಾಧಾರಣ ಮನೆಗಳೂ ಅಲ್ಲ.

ಬೆಳಕಿನ ವೇಗ ಮತ್ತು ಬೀಗದಕೈ ಗೊಂಚಲು

ಸ್ಟಾಲ್‌ಗೆ ಈ ಕೆಲಸವನ್ನು ಪೊಲೀಸಿನವನಂತೆ ನೋಡದೆ ಸಂಶೋಧನೆಯಂತೆ ನೋಡು ಎಂದು ಬುದ್ಧಿ ಹೇಳಿದವರು ಅದೇ ಪ್ರಯೋಗಾಲಯದ ಲೂಯಿಸ್ ಆಲ್ವರೆಜ್, 1968ರ ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ. ಆದ್ದರಿಂದ ಪ್ರತಿಯೊಂದು ಪ್ರವೇಶದ ಸಮಯ, ಅವಧಿ, ಮಾಡಿದ ಕೆಲಸ ಎಲ್ಲವೂ ದಿನಚರಿ ಪುಸ್ತಕಕ್ಕೆ ಹೋಯಿತು.

ಕಳ್ಳ ಎಷ್ಟು ದೂರದಲ್ಲಿದ್ದಾನೆ? ಇದಕ್ಕೆ ಸ್ಟಾಲ್ ಹೂಡಿದ ವಿಧಾನ ನಿಮ್ಮ ತರಗತಿಯಲ್ಲೂ ಹೇಳಬಹುದಾದದ್ದು. ಕಡತ ಸಾಗಿಸುವಾಗ ಒಂದು ತುಣುಕು ಕಳಿಸಿ, ಅದು ತಲುಪಿತು ಎಂಬ ಉತ್ತರ ಬಂದ ಮೇಲೆ ಮುಂದಿನ ತುಣುಕು ಕಳಿಸುವುದು ಅಂದಿನ ಪದ್ಧತಿ. ಕಳಿಸಿದ್ದಕ್ಕೂ ಉತ್ತರ ಬಂದದ್ದಕ್ಕೂ ನಡುವೆ ಸುಮಾರು 3 ಸೆಕೆಂಡು. ಹೋಗುವುದಕ್ಕೆ ಒಂದೂವರೆ, ಬರುವುದಕ್ಕೆ ಒಂದೂವರೆ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನಂತೆ ದೂರ ನಾಲ್ಕೂವರೆ ಲಕ್ಷ ಕಿಲೋಮೀಟರ್! ಚಂದ್ರನಿರುವುದು ಸರಾಸರಿ 3,84,000 ಕಿಲೋಮೀಟರ್ ದೂರದಲ್ಲಿ. ಕಳ್ಳ ಅದಕ್ಕೂ ಆಚೆ ಇದ್ದಾನೆಂದಾಯಿತು. ತಪ್ಪಿದ್ದು ಬೆಳಕಿನ ವೇಗವಲ್ಲ, ಮಾದರಿ. ದತ್ತಾಂಶದ ಪ್ರತಿ ತುಣುಕೂ ದಾರಿಯ ಹಲವು ಗಣಕಗಳಲ್ಲಿ ತಂಗಿ ಹೋಗುತ್ತದೆ, ವಿಳಂಬದ ಬಹುಪಾಲು ಅಲ್ಲಿಯದು. ಗೊತ್ತಿರುವ ಊರುಗಳಿಗೆ ಇದೇ ಪ್ರಯೋಗ ಮಾಡಿ ಹೋಲಿಸಿದಾಗ ಅಮೆರಿಕದೊಳಗಿನ ಯಾವ ಊರಿಗೂ ಇಷ್ಟು ವಿಳಂಬ ಬರಲಿಲ್ಲ. ಕಳ್ಳ ಸಮುದ್ರದಾಚೆ ಇರಬೇಕು ಎಂಬ ಸುಳಿವು ಹೀಗೆ ಸಿಕ್ಕಿತು. ಉಪಕರಣವನ್ನು ಮೊದಲು ಅಂಕಶೋಧನೆ ಮಾಡಬೇಕು ಎಂಬ ಪಾಠವೂ ಇದರಲ್ಲಿದೆ.

ಅವನು ಮಹತ್ವದ ಕಡತವೊಂದನ್ನು ನಕಲು ಮಾಡಲು ತೊಡಗಿದರೆ ಏನು ಮಾಡಬೇಕು? ಸಂಪರ್ಕ ಕಡಿದರೆ ತಾನು ಸಿಕ್ಕಿಬಿದ್ದೆ ಎಂದು ಅವನಿಗೆ ತಿಳಿಯುತ್ತದೆ. ಸ್ಟಾಲ್ ತಮ್ಮ ಬೀಗದಕೈ ಗೊಂಚಲನ್ನು ತಂತಿಯ ಸಂಪರ್ಕ ಬಿಂದುಗಳಿಗೆ ತಾಗಿಸಿ ಅಲ್ಲಾಡಿಸುತ್ತಿದ್ದರು. ಕಿರು ಮಂಡಲವುಂಟಾಗಿ ಸಂಕೇತ ಕಲಸಿಹೋಗುತ್ತಿತ್ತು. ಆ ಕಡೆಯವನಿಗೆ ಇದು ದೂರವಾಣಿ ಮಾರ್ಗದ ಗದ್ದಲದಂತೆ ಕಾಣುತ್ತಿತ್ತು.

ದಾರಿಯಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ವರ್ಜೀನಿಯಾದಲ್ಲಿ ರಕ್ಷಣಾ ಇಲಾಖೆಗೆ ಕೆಲಸ ಮಾಡುತ್ತಿದ್ದ ಮೈಟರ್ ಎಂಬ ಸಂಸ್ಥೆಯ ಮೋಡೆಮ್‌ಗಳ ಮೂಲಕ ಅವನು ದೂರದೂರುಗಳಿಗೆ ಕರೆ ಮಾಡುತ್ತಿದ್ದ, ಬಿಲ್ಲು ಕಟ್ಟುತ್ತಿದ್ದದ್ದು ಆ ಸಂಸ್ಥೆ. ಒಂದೊಂದು ನಿಮಿಷದ ನೂರಾರು ಕರೆಗಳು ತಿಂಗಳುಗಟ್ಟಲೆ ಬಿಲ್ಲಿನಲ್ಲಿ ಅಚ್ಚಾಗಿದ್ದವು. ಲೆಕ್ಕಪತ್ರ ವಿಭಾಗ ಹಣ ಕಟ್ಟುತ್ತಲೇ ಇತ್ತು. ಬರ್ಕ್‌ಲಿಯ 75 ಸೆಂಟಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಸರ್ಕಾರದ ತನಿಖಾ ಸಂಸ್ಥೆಗಳ ನಡವಳಿಕೆ ಇನ್ನೂ ಬೇಸರ ತರಿಸುತ್ತದೆ. 5 ಲಕ್ಷ ಡಾಲರ್ ನಷ್ಟವಾಗಿದೆಯೇ, ರಹಸ್ಯ ಮಾಹಿತಿ ಹೋಗಿದೆಯೇ ಎಂದು ಎಫ್‌ಬಿಐ ಕೇಳಿತು. ಇಲ್ಲವೆಂದಾಗ ಆಸಕ್ತಿ ತೋರಲಿಲ್ಲ. ಸಿಐಎ, ರಾಷ್ಟ್ರೀಯ ಭದ್ರತಾ ಸಂಸ್ಥೆ, ವಾಯುಪಡೆಯ ತನಿಖಾ ವಿಭಾಗ ಎಲ್ಲವೂ ಮಾಹಿತಿ ಕೇಳಿ ಪಡೆದವು, ಹೊಣೆಯನ್ನು ಯಾರೂ ಹೊರಲಿಲ್ಲ. ಸೇನೆಯ ಗಣಕಗಳಿಗೆ ಕನ್ನ ಬೀಳುತ್ತಿದ್ದಾಗ ಅದನ್ನು ಕಾಯುತ್ತಿದ್ದವರು ಅನುದಾನ ಕಳೆದುಕೊಂಡ ಒಬ್ಬ ಖಗೋಳ ವಿಜ್ಞಾನಿ. ಅವರಿಗೆ ಮೇಲಧಿಕಾರಿ ಕೊಟ್ಟಿದ್ದ ಕಾಲಾವಕಾಶ ಮೂರು ವಾರ. ಹಿಡಿದದ್ದು ಹತ್ತು ತಿಂಗಳು.

ಕರೆ ಜರ್ಮನಿಯ ಹ್ಯಾನೋವರ್ ನಗರದಿಂದ ಬರುತ್ತಿದೆ ಎಂಬಷ್ಟು ಪತ್ತೆಯಾಯಿತು. ಆದರೆ ಅಲ್ಲಿಯ ದೂರವಾಣಿ ವಿನಿಮಯ ಕೇಂದ್ರದಲ್ಲಿ ಹಳೆಯ ವಿದ್ಯುತ್-ಯಾಂತ್ರಿಕ ಸ್ವಿಚ್ಚುಗಳಿದ್ದವು. ಕರೆ ಚಾಲ್ತಿಯಲ್ಲಿರುವಾಗಲೇ ತಂತ್ರಜ್ಞನೊಬ್ಬ ಸ್ವಿಚ್ಚುಗಳ ಸಾಲಿನಲ್ಲಿ ಓಡಾಡಿ ಹುಡುಕಬೇಕು. ಕಳ್ಳನನ್ನು ಒಂದು ಗಂಟೆಗೂ ಹೆಚ್ಚು ಹಿಡಿದಿಡುವುದು ಹೇಗೆ? 1987ರ ಜನವರಿಯಲ್ಲಿ ಸ್ಟಾಲ್ ಮತ್ತು ಅವರ ಗೆಳತಿ ಒಂದು ಉಪಾಯ ಹೂಡಿದರು. ಅಧ್ಯಕ್ಷ ರೇಗನ್‌ರ 'ತಾರಾ ಯುದ್ಧ' ಯೋಜನೆಗೆ ಸಂಬಂಧಿಸಿದ್ದೆಂದು ತೋರುವ ದೊಡ್ಡ ದೊಡ್ಡ ಸುಳ್ಳು ಕಡತಗಳನ್ನು ಸೃಷ್ಟಿಸಿ ಇಟ್ಟರು. ಕಚೇರಿಯ ನೀರಸ ಪತ್ರ ವ್ಯವಹಾರವನ್ನೇ ಹೆಸರು ಬದಲಿಸಿ ತುಂಬಿದ್ದರು. ಅವನು ಗಂಟೆಗಟ್ಟಲೆ ಕುಳಿತು ಓದಿದ. ಜೂನ್ ತಿಂಗಳಲ್ಲಿ ಜರ್ಮನಿಯ ಪೊಲೀಸರು ಮಾರ್ಕಸ್ ಹೆಸ್ ಎಂಬ ಯುವಕನ ಮನೆಯನ್ನು ಶೋಧಿಸಿದರು. ಅವನೂ ಗೆಳೆಯರೂ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾಹಿತಿ ಮಾರುತ್ತಿದ್ದರು ಎಂಬುದು ಮುಂದೆ ಹೊರಬಂತು. 1990ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಆದರೆ ಅಮಾನತಿನಲ್ಲಿಟ್ಟ ಶಿಕ್ಷೆ, ಯಾರೂ ಅದಕ್ಕಾಗಿ ಜೈಲಿನಲ್ಲಿ ಕೂರಬೇಕಾಗಲಿಲ್ಲ.

ಗುಪ್ತಪದದ ಗಣಿತ

ಹೆಸ್ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ. ಗುಪ್ತಪದಗಳ ಕಡತವನ್ನೇ ತನ್ನ ಗಣಕಕ್ಕೆ ನಕಲು ಮಾಡಿಕೊಳ್ಳುತ್ತಿದ್ದ. ಅದರಲ್ಲಿ ಗುಪ್ತಪದಗಳು ನೇರವಾಗಿ ಇರುವುದಿಲ್ಲ, ಗೂಢಲಿಪಿಯಲ್ಲಿರುತ್ತವೆ. ಪದದಿಂದ ಗೂಢಲಿಪಿ ಪಡೆಯುವುದು ಸುಲಭ, ಗೂಢಲಿಪಿಯಿಂದ ಪದಕ್ಕೆ ಮರಳುವ ದಾರಿಯಿಲ್ಲ. ಹಾಗಿದ್ದ ಮೇಲೆ ಆ ಕಡತದಿಂದ ಏನು ಪ್ರಯೋಜನ ಎಂದು ಸ್ಟಾಲ್‌ಗೂ ಮೊದಲು ಹೊಳೆಯಲಿಲ್ಲ. ಕೆಲವು ದಿನಗಳ ನಂತರ ಆ ಖಾತೆಗಳಿಂದಲೇ ಕಳ್ಳ ಒಳಬಂದಾಗ ಅರ್ಥವಾಯಿತು. ನಿಘಂಟಿನ ಪ್ರತಿ ಪದವನ್ನೂ ಗೂಢಲಿಪಿಗೆ ಪರಿವರ್ತಿಸಿ, ಕಡತದಲ್ಲಿರುವುದರೊಡನೆ ಹೋಲಿಸುತ್ತಾ ಹೋಗುವುದು. ಹಿಂದಕ್ಕೆ ಹೋಗುವ ದಾರಿಯೇ ಬೇಕಾಗಿಲ್ಲ.

ಲೆಕ್ಕ ಹಾಕಿ ನೋಡೋಣ. ಇಂಗ್ಲಿಷಿನ ಸಣ್ಣ ಅಕ್ಷರಗಳು 26. ಎಂಟು ಅಕ್ಷರಗಳನ್ನು ಹೇಗೆಂದರೆ ಹಾಗೆ ಜೋಡಿಸಿದರೆ 26ರ ಎಂಟನೆಯ ಘಾತ, ಅಂದರೆ ಸುಮಾರು 20,880 ಕೋಟಿ ಸಾಧ್ಯತೆಗಳು. ಒಂದೊಂದನ್ನು ಪರೀಕ್ಷಿಸಲು ಒಂದು ಸೆಕೆಂಡು ಎಂದಿಟ್ಟುಕೊಂಡರೆ ಎಲ್ಲವನ್ನೂ ನೋಡಿ ಮುಗಿಸಲು 6,600 ವರ್ಷಗಳು ಬೇಕು. ಆದರೆ ನೌಕರ ತನ್ನ ನೆನಪಿನ ಅನುಕೂಲಕ್ಕೆ ನಿಘಂಟಿನ ಒಂದು ಪದವನ್ನು ಆರಿಸಿಕೊಂಡರೆ? ಒಂದು ಲಕ್ಷ ಪದಗಳ ನಿಘಂಟಿಗೆ ಅದೇ ಯಂತ್ರದಲ್ಲಿ 28 ಗಂಟೆ ಸಾಕು. ಇಂದಿನ ಯಂತ್ರಗಳಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಊಹೆಗಳನ್ನು ಪರೀಕ್ಷಿಸಬಹುದಾದ್ದರಿಂದ 6,600 ವರ್ಷಗಳ ಭರವಸೆಯೂ ಈಗ ಉಳಿದಿಲ್ಲ.

ಇದು 1986ರಲ್ಲಿ ಹೊಸ ವಿಷಯವಾಗಿರಲಿಲ್ಲ ಎಂಬುದೇ ಖೇದದ ಸಂಗತಿ. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಒಂದು ಲೇಖನ ಪ್ರಕಟಿಸಿದ್ದರು. ಜನ ನಿಜವಾಗಿ ಬಳಸುತ್ತಿದ್ದ 3,289 ಗುಪ್ತಪದಗಳನ್ನು ಅವರು ಪರಿಶೀಲಿಸಿದ್ದರು. 15 ಮಂದಿಯ ಗುಪ್ತಪದ ಒಂದೇ ಅಕ್ಷರ, 72 ಮಂದಿಯದು ಎರಡಕ್ಷರ, 464 ಮಂದಿಯದು ಮೂರಕ್ಷರ. ಒಟ್ಟಿನಲ್ಲಿ ಶೇಕಡ 86ರಷ್ಟು ಗುಪ್ತಪದಗಳು ತೀರ ಚಿಕ್ಕವು ಅಥವಾ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು.

ಈ ಮಾರಿಸ್ ಮುಂದೆ ಅಮೆರಿಕದ ರಾಷ್ಟ್ರೀಯ ಗಣಕ ಭದ್ರತಾ ಕೇಂದ್ರದ ಮುಖ್ಯ ವಿಜ್ಞಾನಿಯಾದರು. 1988ರ ನವೆಂಬರ್ 2ರಂದು ಅಂತರಜಾಲದಲ್ಲಿ ಹುಳುವೊಂದು ಹರಡಿ ವಿಶ್ವವಿದ್ಯಾಲಯಗಳ, ಸರ್ಕಾರಿ ಪ್ರಯೋಗಾಲಯಗಳ ಗಣಕಗಳನ್ನು ನಿಷ್ಕ್ರಿಯಗೊಳಿಸಿತಲ್ಲ, ಅದನ್ನು ಬರೆದವನು ಅವರ ಮಗ, ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅಂದಾಜು 6,000 ಗಣಕಗಳು ಸೋಂಕಿಗೆ ಸಿಕ್ಕಿದವು ಎನ್ನುತ್ತಾರೆ. ಆ ಹುಳು ಬಳಸಿದ ಹಲವು ದಾರಿಗಳಲ್ಲಿ ಒಂದು, ಗುಪ್ತಪದಗಳನ್ನು ಊಹಿಸಲು ಅದು ಹೊತ್ತು ತಂದಿದ್ದ 432 ಪದಗಳ ಚಿಕ್ಕ ಪಟ್ಟಿ. ಈ ಘಟನೆಯ ಬೆನ್ನಿಗೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಗಣಕ ತುರ್ತು ಸ್ಪಂದನಾ ತಂಡ ಸ್ಥಾಪನೆಯಾಯಿತು.

ಉಡಾವಣೆಯ ಮುನ್ನಾದಿನಗಳು

ಭೌತವಿಜ್ಞಾನಿಗಳು ಇದರಿಂದ ಪಾಠ ಕಲಿತರೇ? 1988ರ ಡಿಸೆಂಬರ್‌ನಲ್ಲಿ, ನಾಸಾ ಮತ್ತು ಉನ್ನತ ಶಕ್ತಿ ಭೌತವಿಜ್ಞಾನಿಗಳು ಬಳಸುತ್ತಿದ್ದ ಜಾಲಗಳಲ್ಲಿ ಕ್ರಿಸ್ಮಸ್ ಶುಭಾಶಯ ಹೊತ್ತ ಒಂದು ಹುಳು ಹರಿದಾಡಿತು. ತಯಾರಕರು ಇಟ್ಟು ಕಳಿಸಿದ ಖಾತೆಗಳನ್ನು ಬದಲಿಸಿ ಎಂದು ಎಲ್ಲರಿಗೂ ಎಚ್ಚರಿಕೆ ಹೋಯಿತು. ಹತ್ತು ತಿಂಗಳು ಕಳೆಯಿತು. 1989ರ ಅಕ್ಟೋಬರ್ 16ರ ಬೆಳಿಗ್ಗೆ ನಾಸಾದ ವಿಜ್ಞಾನಿಗಳು ಗಣಕದ ಮುಂದೆ ಕುಳಿತಾಗ, 'ಪರಮಾಣು ಹಂತಕರ ವಿರುದ್ಧ ಹುಳುಗಳು' ಎಂಬರ್ಥದ ಫಲಕ ತೆರೆಯ ಮೇಲೆ ಕಾಣಿಸಿತು. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆ ಅಕ್ಟೋಬರ್ 18ರಂದು ಉಡಾವಣೆಯಾಯಿತು. ಅದರಲ್ಲಿ ವಿದ್ಯುತ್ತಿಗಾಗಿ ಪ್ಲುಟೋನಿಯಂ ಇದ್ದ ಕಾರಣ ವಿರೋಧವಿತ್ತು. ಹುಳು ಕೆಲವರ ಕಡತಗಳೆಲ್ಲ ಅಳಿಸಿಹೋಗುತ್ತಿರುವಂತೆ ತೆರೆಯ ಮೇಲೆ ತೋರಿಸುತ್ತಿತ್ತು, ನಿಜಕ್ಕೂ ಅಳಿಸುತ್ತಿರಲಿಲ್ಲ. ಆದರೆ ಜೀವಮಾನದ ದತ್ತಾಂಶ ಕಣ್ಣೆದುರೇ ಹೋಗುತ್ತಿದೆ ಎಂದುಕೊಂಡವರ ಸ್ಥಿತಿ ಹೇಗಿದ್ದಿರಬೇಕು! ಅದು ಒಳಬಂದ ದಾರಿ, ಬಳಕೆದಾರನ ಹೆಸರೇ ಗುಪ್ತಪದವಾಗಿದ್ದ ಖಾತೆಗಳು ಮತ್ತು ಬದಲಿಸದೆ ಉಳಿದಿದ್ದ ಮೂಲ ಖಾತೆಗಳು.

ಗುರಿ ಈಗ ನೌಕರ

ಈವರೆಗಿನ ಪ್ರಕರಣಗಳಲ್ಲಿ ಕಳ್ಳನಿಗೆ ಬೇಕಾಗಿದ್ದದ್ದು ಇಲಾಖೆಯ ಕಡತ ಅಥವಾ ಇಲಾಖೆಗೆ ಮುಜುಗರ. ನೌಕರನೇ ಬಾಗಿಲಾಗುವ, ಆಮೇಲೆ ನೌಕರನೇ ಕದಿಯುವ ವಸ್ತುವಾಗುವ ಕಾಲ ಮುಂದೆ ಬಂತು. 2008ರಲ್ಲಿ ಮಧ್ಯಪ್ರಾಚ್ಯದ ಒಂದು ಸೇನಾ ನೆಲೆಯಲ್ಲಿ ಯಾರೋ ಒಂದು ಪೆನ್ ಡ್ರೈವನ್ನು ಅಮೆರಿಕ ಸೇನೆಯ ಗಣಕಕ್ಕೆ ಚುಚ್ಚಿದ ಕಾರಣ ಅದರಲ್ಲಿದ್ದ ಹುಳು ಅಂತರಜಾಲದ ನಂಟಿಲ್ಲದ ರಹಸ್ಯ ಜಾಲಕ್ಕೂ ಹಬ್ಬಿತು. ಅದನ್ನು ತೊಳೆಯಲು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

2015ರ ಪ್ರಕರಣ ಇನ್ನೂ ಗಂಭೀರ. ಅಮೆರಿಕದ ಕೇಂದ್ರ ಸರ್ಕಾರದ ಸಿಬ್ಬಂದಿ ನಿರ್ವಹಣಾ ಕಚೇರಿ ನಮ್ಮ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಹಾಗೆ. ಭದ್ರತೆಯ ಹುದ್ದೆಗೆ ಸೇರುವವರು ಆಗ ಅಲ್ಲಿ ನೂರಕ್ಕೂ ಹೆಚ್ಚು ಪುಟಗಳ ಒಂದು ನಮೂನೆಯನ್ನು ತುಂಬಬೇಕಿತ್ತು. ಬಂಧುಗಳು ಯಾರು, ವಿದೇಶದಲ್ಲಿ ಗೆಳೆಯರು ಯಾರು, ಸಾಲವೆಷ್ಟು, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದದ್ದುಂಟೆ, ಎಲ್ಲವೂ ಅದರಲ್ಲಿ. 2014ರ ಮಾರ್ಚ್‌ನಲ್ಲೇ ಕನ್ನ ಗೊತ್ತಾಗಿ, ತಜ್ಞರು ಆ ಕಳ್ಳನನ್ನು ಗಮನಿಸುತ್ತಾ ಮೇ ತಿಂಗಳಲ್ಲಿ ಹೊರಹಾಕಿದರು. ಅಷ್ಟರಲ್ಲಿ ಇನ್ನೊಬ್ಬ ಗುತ್ತಿಗೆ ಸಂಸ್ಥೆಯೊಂದರ ಪ್ರವೇಶ ಖಾತೆ ಬಳಸಿ ಒಳಗೆ ಕುಳಿತಾಗಿತ್ತು. ಅವನು ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ. ಕಚೇರಿಯಿಂದ ಹೊರಗೆ ಹರಿಯುತ್ತಿದ್ದ ದತ್ತಾಂಶ ಹೋಗುತ್ತಿದ್ದ ವಿಳಾಸದಲ್ಲಿ ಆ ಕಚೇರಿಯ ಹೆಸರೇ ಇತ್ತು, ಆದರೆ ಅಂಥ ತಾಣ ಕಚೇರಿಗೆ ಇರಲಿಲ್ಲ. ಅದನ್ನು ನೋಂದಾಯಿಸಿದವನ ಹೆಸರು ಸ್ಟೀವ್ ರಾಜರ್ಸ್. ಚಿತ್ರಕಥೆಗಳ 'ಕ್ಯಾಪ್ಟನ್ ಅಮೆರಿಕ'ನ ನಿಜ ನಾಮಧೇಯ! ಮತ್ತೆ ಒಂದು ಚಿಕ್ಕ ವ್ಯತ್ಯಾಸ, ಆದರೆ ಈ ಬಾರಿ ತಡವಾಗಿತ್ತು. 42 ಲಕ್ಷ ನೌಕರರ ಸೇವಾ ದಾಖಲೆ, 2 ಕೋಟಿ 15 ಲಕ್ಷ ಜನರ ಹಿನ್ನೆಲೆ ತನಿಖೆಯ ಮಾಹಿತಿ, 56 ಲಕ್ಷ ಮಂದಿಯ ಬೆರಳಚ್ಚುಗಳು ಹೋಗಿದ್ದವು. ಗುಪ್ತಪದವನ್ನು ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸುವುದು ಹೇಗೆ? ಕಚೇರಿಯ ಮುಖ್ಯಸ್ಥೆ ಜುಲೈಯಲ್ಲಿ ರಾಜೀನಾಮೆ ಕೊಟ್ಟರು. ಆ ಕಚೇರಿಯ ಆಂತರಿಕ ಪರಿಶೋಧಕರು ಭದ್ರತಾ ಕೊರತೆಗಳನ್ನು ವರ್ಷಗಳಿಂದ ಬರೆಯುತ್ತಲೇ ಬಂದಿದ್ದರು.

ನಮ್ಮಲ್ಲಿ

ನಮ್ಮ ದೇಶದಲ್ಲೂ ಇದೇ ಸಾಲಿನ ಘಟನೆಗಳಿವೆ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆಗಳು ನಡೆದವು. ಜೂನ್ ತಿಂಗಳಲ್ಲಿ ಬೇರೆ ಬೇರೆ ದೇಶಗಳ ಕೆಲವು ಹದಿಹರೆಯದ ಹುಡುಗರು ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಗಣಕಗಳಿಗೆ ನುಗ್ಗಿ ವಿಜ್ಞಾನಿಗಳ ಮಿಂಚಂಚೆ ಪತ್ರಗಳನ್ನು ನಕಲು ಮಾಡಿಕೊಂಡರು. ಪತ್ರಗಳು ಹೋದದ್ದನ್ನು ಕೇಂದ್ರ ಒಪ್ಪಿಕೊಂಡಿತು, ರಹಸ್ಯವಾದದ್ದೇನೂ ಅವುಗಳಲ್ಲಿರಲಿಲ್ಲ ಎಂದಿತು. ಇರಬಹುದು. ಬರ್ಕ್‌ಲಿಯಲ್ಲೂ ರಹಸ್ಯವಾದದ್ದೇನೂ ಇರಲಿಲ್ಲ ಎಂಬುದನ್ನು ಮಾತ್ರ ನೆನಪಿಡಿ.

2019ರಲ್ಲಿ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಬಗ್ಗೆ ಸುದ್ದಿ ಹರಡಿದಾಗ, ಅಂಥ ದಾಳಿ ಸಾಧ್ಯವೇ ಇಲ್ಲ ಎಂದು ಅಕ್ಟೋಬರ್ 29ರಂದು ಸ್ಥಾವರದ ಹೇಳಿಕೆ ಬಂತು. ಮರುದಿನವೇ ಭಾರತೀಯ ಅಣುಶಕ್ತಿ ನಿಗಮ ಒಪ್ಪಿಕೊಂಡಿತು: ಆಡಳಿತ ಕೆಲಸಕ್ಕೆಂದು ಅಂತರಜಾಲಕ್ಕೆ ಜೋಡಿಸಿದ್ದ ಒಬ್ಬ ಬಳಕೆದಾರರ ಗಣಕದಲ್ಲಿ ದುಷ್ಟ ತಂತ್ರಾಂಶ ಸಿಕ್ಕಿದ್ದು ನಿಜ, ಸೆಪ್ಟೆಂಬರ್ 4ರಂದೇ ಅದರ ಸೂಚನೆ ಬಂದಿತ್ತು, ಸ್ಥಾವರವನ್ನು ನಿಯಂತ್ರಿಸುವ ಜಾಲ ಇದರಿಂದ ಪೂರ್ತಿ ಬೇರೆ. ಎರಡು ಜಾಲಗಳನ್ನು ಬೇರೆ ಇಟ್ಟದ್ದು ಸರಿಯಾದ ಎಂಜಿನಿಯರಿಂಗ್. ಮೊದಲ ದಿನದ ಹೇಳಿಕೆಗೆ ಮಾತ್ರ ನನ್ನ ತಕರಾರು. ಏಕೆಂದರೆ ಸಾಧ್ಯವೇ ಇಲ್ಲ ಎಂದು ನಂಬಿದವನು ವ್ಯತ್ಯಾಸವನ್ನು ಹುಡುಕುವುದಿಲ್ಲ. ಅದೇ ವರ್ಷ ಕರ್ನಾಟಕ ಸರ್ಕಾರದ ಇ-ಸಂಗ್ರಹಣೆ ತಾಣದಲ್ಲಿ ಗುತ್ತಿಗೆದಾರರು ಇಟ್ಟಿದ್ದ ಠೇವಣಿಯಿಂದ 11 ಕೋಟಿ ರೂಪಾಯಿಗೂ ಹೆಚ್ಚು ಹಣ ಬೇರೆ ಖಾತೆಗಳಿಗೆ ಹೋಯಿತು, ತನಿಖೆ ಸಿಐಡಿಗೆ ಹೋಯಿತು. 2022ರ ನವೆಂಬರ್‌ನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಗಣಕಗಳು ಸ್ಥಗಿತವಾಗಿ, ರೋಗಿಗಳ ನೋಂದಣಿಯನ್ನು ಹಲವು ದಿನ ಕೈಬರಹದಲ್ಲಿ ಮಾಡಬೇಕಾಯಿತು.

ಇವೆಲ್ಲ ದೊಡ್ಡ ಊರಿನ ಮಾತು, ನಮ್ಮ ಪ್ರೌಢಶಾಲೆಗೂ ಇದಕ್ಕೂ ಏನು ಸಂಬಂಧ ಎಂದು ಶಿಕ್ಷಕ ಓದುಗರು ಕೇಳಬಹುದು. ವಿದ್ಯಾರ್ಥಿಗಳ ಆಧಾರ್ ಸಂಖ್ಯೆ, ಜಾತಿ, ಆದಾಯ, ಬ್ಯಾಂಕ್ ಖಾತೆ, ಪೋಷಕರ ದೂರವಾಣಿ ಸಂಖ್ಯೆ ಎಲ್ಲವನ್ನೂ ಸರ್ಕಾರದ ತಾಣಗಳಿಗೆ ತುಂಬುವವರು ನೀವೇ. ನಾನು ಕೆಲಸದ ಮೇಲೆ ಹೋಗಿದ್ದ ಒಂದು ಕಚೇರಿಯಲ್ಲಿ ಬಳಕೆದಾರನ ಹೆಸರು, ಗುಪ್ತಪದ ಎರಡನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದ್ದರು. ಯಾರು ಬೇಕಾದರೂ ಕೆಲಸ ಮುಂದುವರಿಸಲು ಅನುಕೂಲವಾಗಲಿ ಎಂಬ ಸದುದ್ದೇಶ. ಒಂದೇ ಖಾತೆಯಿಂದ ಐದು ಮಂದಿ ಕೆಲಸ ಮಾಡಿದರೆ, ನಾಳೆ ದಾಖಲೆಯೊಂದು ಬದಲಾದಾಗ ಯಾರು ಬದಲಿಸಿದರು ಎಂದು ಹೇಳುವ ದಾರಿ ಇರುವುದಿಲ್ಲ. 'ಹಂಟರ್' ಅಲ್ಲಿ ಎಂದೂ ಸಿಕ್ಕಿಬೀಳುವುದಿಲ್ಲ. 'ವೇತನ ಪರಿಷ್ಕರಣೆ ಆದೇಶ' ಎಂಬ ಹೆಸರಿನ ಕಡತ ಅಪರಿಚಿತ ವಿಳಾಸದಿಂದ ಬಂದಾಗ ತೆರೆಯದೆ ಇರುವ ನೌಕರರು ಎಷ್ಟು ಮಂದಿ? ಬರ್ಕ್‌ಲಿಯ ಕಳ್ಳ ಬಾಗಿಲು ತಟ್ಟಿ ನೋಡುತ್ತಿದ್ದ. ಇಂದಿನವನು ಬಾಗಿಲು ತೆಗೆಯಲು ಒಳಗಿನವರಿಗೇ ಪತ್ರ ಬರೆಯುತ್ತಾನೆ.

ದೂರು ಕೊಡಲು ಸ್ಟಾಲ್‌ಗೆ ಜಾಗವಿರಲಿಲ್ಲ. ನಮ್ಮಲ್ಲಿ 2004ರಿಂದ 'ಸರ್ಟ್-ಇನ್' ಎಂಬ ಭಾರತೀಯ ಗಣಕ ತುರ್ತು ಸ್ಪಂದನಾ ತಂಡವಿದೆ. ಅದು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕನ್ನ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಎಲ್ಲ ಸಂಸ್ಥೆಗಳೂ ಅದನ್ನು ವರದಿ ಮಾಡಬೇಕು. ಯಾವ ಗಣಕಕ್ಕೆ ಯಾರು ಯಾವಾಗ ಬಂದರು ಎಂಬ ದಾಖಲೆಯನ್ನು 180 ದಿನ ಉಳಿಸಿಕೊಳ್ಳಬೇಕು. ಎಲ್ಲ ಗಣಕಗಳ ಗಡಿಯಾರವನ್ನೂ ರಾಷ್ಟ್ರೀಯ ಮಾಹಿತಿ ಕೇಂದ್ರದ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿರಬೇಕು. ಗಡಿಯಾರದ ವಿಷಯ ಕ್ಷುಲ್ಲಕವೆನಿಸಿದರೆ ಸ್ಟಾಲ್‌ರ ದಿನಚರಿ ಪುಸ್ತಕವನ್ನು ಜ್ಞಾಪಿಸಿಕೊಳ್ಳಿ. ತಮ್ಮ ಮುದ್ರಕದ ಕಾಗದವನ್ನು ಮೈಟರ್ ಸಂಸ್ಥೆಯ ದೂರವಾಣಿ ಬಿಲ್ಲಿನ ಪಕ್ಕದಲ್ಲಿಟ್ಟು, ಈ ಕರೆ ಅದೇ ಕಳ್ಳನದು ಎಂದು ಅವರು ಹೇಳಲು ಸಾಧ್ಯವಾದದ್ದು ಎರಡರಲ್ಲೂ ಇದ್ದ ಗಂಟೆ, ನಿಮಿಷಗಳು ತಾಳೆಯಾದದ್ದರಿಂದ.